ದಾರ ಅಳೆದ ಕಾಲು

ಕಳೆದ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಅಕ್ಕನ ಮೊಮ್ಮಗನ ತೊಡೆಯ ಒಳಭಾಗವನ್ನು ನೋಡಿದೆ. ಹುಡುಗನಿಗೆ ಹದಿನೇಳು ಮುಗಿದಿತ್ತು. ಎಂಆರ್‌ಐ ಯಂತ್ರದೊಳಗೆ ಮಲಗಿಸುವ ಮುಂಚೆ ಅವನ ಉಡಿದಾರದಲ್ಲಿದ್ದ ಬೆಳ್ಳಿಯ ತಾಯಿತವನ್ನು ತೆಗೆಸಿದರು. ಅದನ್ನು ನನ್ನ ಕೈಗೆ ಕೊಟ್ಟು, "ತಾತ, ಕಳೀಬ್ಯಾಡ" ಎಂದು ಒಳಗೆ ಹೋದ. ಬಾಗಿಲು ಮುಚ್ಚಿದ್ದರೂ ಯಂತ್ರದ ಸದ್ದು ಹೊರಗೆ ಕೇಳುತ್ತಿತ್ತು. ಹಳಿಯ ಮೇಲೆ ಗ್ಯಾಂಗ್‌ಮನ್‌ಗಳು ಸುತ್ತಿಗೆ ಹೊಡೆದಂತಹ ಸದ್ದು. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಆಯುಷ್ಯ ಸವೆಸಿದ ನನಗೆ ಅದು ಹೊಸದೇನಲ್ಲ. ಅಕ್ಕ ಮಾತ್ರ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಎಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಒಳಗೆ ಕರೆದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ದುಂಡನೆಯ ಆಕಾರಗಳಿದ್ದವು. ತೊಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಹೀಗೆ ಕಾಣುತ್ತದೆ, ಆದರೆ ಇಲ್ಲಿ ಕತ್ತಿ ಬೇಕಿಲ್ಲ ಎಂದರು. ಕಪ್ಪಗಿರುವುದು ಮಾಂಸ, ಬೆಳ್ಳಗಿರುವುದು ಕೊಬ್ಬು. ಆ ವಯಸ್ಸಿನ ಹುಡುಗನಿಗೆ ತೊಡೆಯ ತುಂಬ ಕಪ್ಪೇ ಇರಬೇಕಂತೆ. ಇವನ ತೊಡೆಯ ಹಿಂಭಾಗದಲ್ಲಿ ಕಪ್ಪು ಉಳಿದದ್ದೇ ಕಡಿಮೆ. ಮಾಂಸದ ಒಂದೊಂದು ಕಟ್ಟಿನ ಸುತ್ತ ಡಾಕ್ಟರು ಗೆರೆ ಎಳೆದರು. ಗೆರೆಯೊಳಗೆ ಎಷ್ಟು ಪಾಲು ಕೊಬ್ಬು ಎಂದು ಕಂಪ್ಯೂಟರು ಅಂಕಿ ತೋರಿಸಿತು.

"ಒಂದು ವರ್ಷದಲ್ಲಿ ಇವನ ನಡಿಗೇಲಿ ಏನೂ ವ್ಯತ್ಯಾಸ ಕಾಣದೆ ಇರಬಹುದು. ಈ ಅಂಕಿ ಮಾತ್ರ ಅಷ್ಟರಲ್ಲೇ ಬದಲಾಗಿರುತ್ತೆ. ಅದಕ್ಕೇ ವರ್ಷ ವರ್ಷ ಅಳೆದು ನೋಡೋಣ" ಎಂದರು.

ಅಕ್ಕ ಕೇಳಿದಳು: "ಮೀನಖಂಡ ಇಷ್ಟು ದಪ್ಪ ಐತಲ್ಲವ್ವ, ಇವನಿಗ್ಯಾಕೆ ಬಲ ಇಲ್ಲ?"

"ಅದು ದಪ್ಪ ಇರೋದೇ ಈ ಕಾಯಿಲೆಯ ಗುರುತು ಅಜ್ಜಿ. ಹೊರಗಿನ ಅಳತೆ ನಂಬೋ ಹಾಗಿಲ್ಲ."

ಆಮೇಲೆ, ಈ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಇದು ಹೆಂಗಸರ ಮೂಲಕ ಗಂಡುಮಕ್ಕಳಿಗೆ ಬರುವ ಕಾಯಿಲೆಯಂತೆ. ಹುಡುಗ ಅಕ್ಕನ ಮಗಳ ಮಗ. ಅಕ್ಕ ನನ್ನ ಮುಖ ನೋಡಿದಳು.

"ನನ್ನ ತಮ್ಮನಿಗೆ ಇತ್ತು" ಎಂದೆ.

ಡಾಕ್ಟರು ಅದನ್ನು ಒಂದು ಸಾಲಿನಲ್ಲಿ ಬರೆದುಕೊಂಡರು. ಅವರಿಗೆ ಅಷ್ಟು ಸಾಕು. ನನಗೆ ಸಾಲದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

*

ನಮ್ಮದು ಚಿಕ್ಕಜಾಜೂರಿನ ಪಕ್ಕದ ಹಳ್ಳಿ. ಅಪ್ಪನಿಗೆ ಒಂದು ಹಿಂಡು ಕುರಿ ಇತ್ತು. ಕುರಿ ಕೊಳ್ಳುವಾಗ ಅಪ್ಪ ಎಂದೂ ಕಣ್ಣನ್ನು ನಂಬುತ್ತಿರಲಿಲ್ಲ. ಉಣ್ಣೆಯೊಳಗೆ ಬೆರಳು ತೂರಿಸಿ, ಬೆನ್ನುಮೂಳೆಯ ಎರಡೂ ಪಕ್ಕ ಒತ್ತಿ ಹಿಡಿದು, ಇದು ಮಾಂಸ, ಇದು ಬರೀ ಕೊಬ್ಬು ಎಂದು ಹೇಳಿಬಿಡುತ್ತಿದ್ದ. ದೂರದಲ್ಲೇ ನಿಂತು ಬೆಲೆ ಕೇಳುವವರನ್ನು ಕಂಡರೆ, "ಉಣ್ಣೆ ನೋಡಿ ಕೊಳ್ಳೋರು ಕಂಬಳಿ ಕೊಂಡ್ಕಳ್ರಪ್ಪ, ಕುರಿ ಯಾಕೆ?" ಎಂದು ನಗುತ್ತಿದ್ದ. ನಾವು ಅಣ್ಣತಮ್ಮಂದಿರು ನಡೆಯಲು ಕಲಿತ ಕಾಲದಿಂದಲೇ ಇದನ್ನೂ ಕಲಿತೆವು. ಕಣ್ಣು ಮುಚ್ಚಿಕೊಂಡು ಕುರಿಯ ಬೆನ್ನು ಹಿಡಿದರೂ ನನ್ನ ಲೆಕ್ಕ ತಪ್ಪುತ್ತಿರಲಿಲ್ಲ. ಮುಂದೆ ಹೇಳುವುದಕ್ಕೆ ಇದು ಬೇಕು.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಸಂಜೆ ಗರಡಿಗೆ ಹೋಗುತ್ತಿದ್ದೆ. ನನ್ನ ಹಿಂದೆಯೇ ತಮ್ಮನೂ ಬರತೊಡಗಿದ. ನನಗಿಂತ ಮೂರು ವರ್ಷಕ್ಕೆ ಚಿಕ್ಕವನು. ನಮ್ಮ ಗರಡಿಯ ಉಸ್ತಾದರು ಹೊಳಲ್ಕೆರೆಯವರು, ಹಳೆಯ ಪೈಲ್ವಾನರು. ಕೈ ನಡುಗುವ ವಯಸ್ಸಾಗಿದ್ದರೂ ಮಾತಿನಲ್ಲಿ ನಡುಕವಿರಲಿಲ್ಲ.

ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ನಾಗರಪಂಚಮಿಯ ದಿನ ಮಣ್ಣಿಗೆ ಪೂಜೆಯಾದ ಮೇಲೆ ಉಸ್ತಾದರು ಒಬ್ಬೊಬ್ಬನನ್ನೇ ನಿಲ್ಲಿಸಿ, ಅರಿಶಿನ ಹಚ್ಚಿದ ದಾರದಿಂದ ತೋಳು, ಎದೆ, ಮೀನಖಂಡಗಳನ್ನು ಅಳೆಯುತ್ತಿದ್ದರು. ಒಂದೊಂದು ಅಳತೆ ಮುಗಿದ ಜಾಗದಲ್ಲೂ ದಾರದಲ್ಲಿ ಒಂದು ಗಂಟು. ಒಬ್ಬೊಬ್ಬನಿಗೆ ಒಂದೊಂದು ದಾರ. ಅವನ್ನೆಲ್ಲ ಆಂಜನೇಯನ ಪಟದ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದರು. ಮುಂದಿನ ವರ್ಷ ಗಂಟು ಮುಂದಕ್ಕೆ ಹೋಗಿದ್ದರೆ ಹುಡುಗ ಬೆಳೆದಿದ್ದಾನೆ ಎಂದು ಲೆಕ್ಕ. ತೊಡೆಯನ್ನು ಅಳೆಯುವ ರೂಢಿ ಇರಲಿಲ್ಲ. ಮೀನಖಂಡ ಗಟ್ಟಿಯಿದ್ದರೆ ಅದರ ಮೇಲಿನದೂ ಗಟ್ಟಿಯೇ ಎಂದು ಎಲ್ಲರೂ ನಂಬಿದ್ದರು.

ತಮ್ಮನ ಮೀನಖಂಡದ ಗಂಟು ಪ್ರತಿವರ್ಷ ಮುಂದಕ್ಕೆ ಹೋಗುತ್ತಿತ್ತು. ಅವನು ಚಡ್ಡಿ ತೊಟ್ಟು ಬೀದಿಯಲ್ಲಿ ನಡೆದರೆ ಜಗುಲಿಯ ಮೇಲಿನ ಮುದುಕರು ಮಾತು ನಿಲ್ಲಿಸಿ ಅವನ ಕಾಲು ನೋಡುತ್ತಿದ್ದರು. ಆಗ ಮನೆಯಲ್ಲಿ ಅವ್ವ ಒಂದು ಮಾತು ಎತ್ತಿದಳು. ಹಾಲು, ತುಪ್ಪ, ನೆನೆಸಿದ ಕಡಲೆ, ಶೇಂಗಾ ಇವೆಲ್ಲ ಇಬ್ಬರಿಗೆ ಪೂರೈಸುವುದಿಲ್ಲ, ಈ ಮನೆ ಒಬ್ಬ ಪೈಲ್ವಾನನನ್ನು ಮಾತ್ರ ಸಾಕಬಲ್ಲದು. ಯಾರನ್ನು ಎಂದು ಉಸ್ತಾದರನ್ನೇ ಕೇಳಿದರು. ಉಸ್ತಾದರು ಎರಡು ದಾರಗಳನ್ನೂ ಕೈಯಲ್ಲಿ ಹಿಡಿದು ನೋಡಿ, "ಚಿಕ್ಕೋನ್ನ ಬಿಡ್ರಿ ಮಣ್ಣಿಗೆ. ದೊಡ್ಡೋನಿಗೆ ಹೆಂಗೂ ರೈಲು ಐತೆ" ಎಂದರು.

ತಮ್ಮನಿಗಾಗಿ ನಾನೇ ಬಿಟ್ಟುಕೊಟ್ಟೆ ಎಂದು ಊರಿಗೆಲ್ಲ ಹೇಳಿದೆ. ಅದು ಸುಳ್ಳು. ನನ್ನನ್ನು ಬಿಡಿಸಿದರು. ನನ್ನ ಪಾಲಿನ ಹಾಲನ್ನು ಅವನು ಕುಡಿಯುವುದನ್ನು ದಿನವೂ ನೋಡಿದೆ. ಆಮೇಲೆ ನನಗೆ ಉಳಿದ ಕೆಲಸವೆಂದರೆ ಸಂಜೆ ಅವನ ಸಾಮು ಮುಗಿದ ಮೇಲೆ ಕಾಲಿಗೆ ಎಣ್ಣೆ ತಿಕ್ಕುವುದು.

ತಿಕ್ಕುವಾಗ ನನ್ನ ಕೈಗೆ ಒಂದು ವಿಷಯ ತಿಳಿಯುತ್ತಿತ್ತು. ಮೀನಖಂಡ ಗಟ್ಟಿಯಾಗಿತ್ತು, ಬೆರಳು ಊರಿದರೆ ಸೈಕಲ್ ಟೈರಿನಂತೆ ಹಿಂದಕ್ಕೆ ಒತ್ತುತ್ತಿತ್ತು. ಮೇಲೆ ತೊಡೆಗೆ ಬಂದರೆ ಹಾಗಿರಲಿಲ್ಲ. ಬೆರಳಿಗೆ ಎದುರು ನಿಲ್ಲುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹೊಲದಲ್ಲಿ ಓಡಾಡಿದ ಕುರಿಯ ಬೆನ್ನಿಗೂ ಕಟ್ಟಿಹಾಕಿ ಮೇಯಿಸಿದ ಕುರಿಯ ಬೆನ್ನಿಗೂ ಇರುವ ವ್ಯತ್ಯಾಸ ಗೊತ್ತಿದ್ದವನು ನಾನು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೇರೆ ಗುರುತುಗಳೂ ಇದ್ದವು. ಬಸ್ಕಿ ಹೊಡೆಯುವಾಗ ಅವನು ಎಲ್ಲರಿಗಿಂತ ಮೊದಲು ನಿಲ್ಲಿಸುತ್ತಿದ್ದ. ನೆಲದಿಂದ ಏಳುವಾಗ ಮೊದಲು ಕೈಯೂರಿ ಹಿಂಭಾಗ ಎತ್ತಿ, ಆಮೇಲೆ ಕೈಗಳನ್ನು ಮೊಣಕಾಲ ಮೇಲೆ, ಅಲ್ಲಿಂದ ತೊಡೆಯ ಮೇಲೆ ಇಟ್ಟು, ತನ್ನ ಮೈಯನ್ನು ತಾನೇ ಹತ್ತಿದಂತೆ ನೆಟ್ಟಗಾಗುತ್ತಿದ್ದ. ಉಸ್ತಾದರು ಗದರುತ್ತಿದ್ದರು:

"ಲೇ, ತೊಡೆ ಇರೋದು ತಟ್ಟೋಕೆ ಕಣೋ, ಊರ್ಕಂಡು ಏಳೋಕಲ್ಲ. ನಿಮ್ಮಜ್ಜಿ ಎದ್ದಂಗೆ ಏಳ್ತೀಯಲ್ಲೋ."

"ಅಜ್ಜೀನೇ ನನಗಿಂತ ಬೇಗ ಏಳ್ತಾಳೆ ಉಸ್ತಾದ್ರೆ" ಎಂದು ಅವನೂ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು.

*

ದೀಪಾವಳಿ ಕಳೆದ ಮೇಲೆ ಹೊಸದುರ್ಗದ ಸಂತೆ ಮೈದಾನದಲ್ಲಿ ಕುಸ್ತಿ ಗೊತ್ತಾಯಿತು. ನಮ್ಮ ಗರಡಿಯಿಂದ ತಮ್ಮ. ಅವರ ಕಡೆಯಿಂದ ತೆಂಗಿನ ತೋಟದವರ ಮನೆಯ ಹುಡುಗ, ಉದ್ದನೆಯವನು, ಹೆಚ್ಚು ಮಾತಿಲ್ಲದವನು. ಇದರ ನಡುವೆ ಇನ್ನೊಂದು ಮಾತುಕತೆ ನಡೆದಿತ್ತು. ಆ ಹುಡುಗನ ಚಿಕ್ಕಪ್ಪನ ಮಗಳನ್ನು ನಮ್ಮ ಮನೆಯವರು ನನ್ನ ತಮ್ಮನಿಗೆ ಕೇಳಿದ್ದರು. ತಮ್ಮ ಹೆಣ್ಣು ನೋಡಿಬಂದಿದ್ದ. ಹೆಣ್ಣಿನ ಕಡೆಯವರ ಒಪ್ಪಿಗೆ ಒಂದು ಬಾಕಿ ಇತ್ತು.

ನಾವೆಲ್ಲ ರೈಲಿನಲ್ಲಿ ಹೊರಟೆವು. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಚಿಕ್ಕಜಾಜೂರಿನಲ್ಲಿ ಡಬ್ಬಿ ಹತ್ತುವಾಗ ತಮ್ಮ ಬಾಗಿಲಿನ ಕಂಬಿ ಹಿಡಿದು ತೋಳಿನ ಬಲದಿಂದ ಮೈಯನ್ನು ಮೇಲಕ್ಕೆ ಎಳೆದುಕೊಂಡದ್ದನ್ನು ಕಂಡೆ. "ಏನೋ, ಈಗಿಂದ್ಲೇ ಸಾಮು ಶುರುವಾ?" ಎಂದು ರೇಗಿಸಿದೆ. ಅವನು ತಿರುಗಿ ನೋಡಿ, "ಅಣ್ಣ, ಕಾಲು ಯಾಕೋ ಮಾತು ಕೇಳ್ತಿಲ್ಲ" ಎಂದ. ಹೆದರಿದ್ದಾನೆ ಎಂದುಕೊಂಡೆ.

ಕುಸ್ತಿ ಹೆಚ್ಚು ಹೊತ್ತು ನಡೆಯಲಿಲ್ಲ. ತೋಳಿಗೆ ತೋಳು ಕೊಟ್ಟಾಗ ತಮ್ಮನದೇ ಮೇಲುಗೈ. ನಮ್ಮವರು ಕೂಗಿದರು. ಅಷ್ಟರಲ್ಲಿ ಅವನು ಒಂದು ಮೊಣಕಾಲು ನೆಲಕ್ಕೂರಿದ. ಎದುರಾಳಿ ಕೆಡವಿದ್ದಲ್ಲ, ತಾನೇ ಕುಸಿದದ್ದು. ಏಳಬೇಕಾದವನು ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟು ಊರಿದ. ಕುಸ್ತಿಯಲ್ಲಿ ಕೈ ಬಿಟ್ಟವನ ಗತಿ ಗೊತ್ತೇ ಇದೆ. ಹೊಸದುರ್ಗದವನು ಅವನ ತೊಡೆಗೆ ಕೈ ಹಾಕಿ, ಒಂದು ಗಳಿಗೆ ಏನನ್ನೋ ಯೋಚಿಸುವವನಂತೆ ನಿಂತು, ಆಮೇಲೆ ಮೆಲ್ಲಗೆ ಮಗುಚಿದ. ಮಗುವನ್ನು ಮಗ್ಗುಲಿಗೆ ಹೊರಳಿಸಿದಷ್ಟು ಮೆತ್ತಗೆ. ತಮ್ಮನ ಬೆನ್ನು ಮಣ್ಣಿಗೆ ಹತ್ತಿತು.

ಜನರ ನಡುವಿನಿಂದ ಯಾರೋ ಒಬ್ಬ, "ಅಳಿಯದೇವ್ರು ಮಾವನ ಊರಿಗೆ ಕಾಣಿಕೆ ಕೊಟ್ರಪ್ಪ" ಎಂದ. ಇಡೀ ಮೈದಾನ ನಕ್ಕಿತು.

ಆ ಮಾತು ನನ್ನೊಳಗೆ ಇಳಿದದ್ದು ಇನ್ನೂ ನೆನಪಿದೆ. ಎಲ್ಲವೂ ಸರಿಯಾಗಿ ಕೂಡಿಬಂತು. ಆ ಕಾಲಿನವನು ಹಾಗೆ ಬೀಳುವುದುಂಟೇ? ನನ್ನ ಹಾಲು ಕುಡಿದವನು, ನನ್ನ ಜಾಗದಲ್ಲಿ ನಿಂತವನು, ಒಂದು ಹೆಣ್ಣಿಗಾಗಿ ಬೇಕೆಂದೇ ಮಲಗಿಬಿಟ್ಟ. ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಅವನ ಪಕ್ಕ ಕೂರಲಿಲ್ಲ. ಅವನು ಎದುರು ಬೆಂಚಿನಲ್ಲಿ ಒಬ್ಬನೇ ಕೂತು ತನ್ನ ಮೊಣಕಾಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಅದೂ ನಾಟಕವೆಂದೇ ನನಗೆ ಕಂಡಿತು.

*

ಎರಡು ದಿನ ಬಿಟ್ಟು ಉಸ್ತಾದರು ಎಲ್ಲರನ್ನೂ ಗರಡಿಗೆ ಕರೆಸಿದರು. ಮಣ್ಣಿನ ಸುತ್ತ ಕೂತೆವು. ತಮ್ಮನನ್ನು ನಡುವೆ ನಿಲ್ಲಿಸಿದರು.

"ಏನಪ್ಪ, ನಿಜ ಹೇಳ್ಬಿಡು. ಹೆಣ್ಣಿನೋರು ಹೇಳಿ ಕಳಿಸಿದ್ರಾ?"

"ಇಲ್ಲ ಉಸ್ತಾದ್ರೆ. ಕಾಲು ಕೈಕೊಡ್ತು."

"ಯಾವ ಕಾಲು? ಈ ಕಾಲಾ?" ಉಸ್ತಾದರು ಮೊಳೆಯಿಂದ ಅವನ ದಾರ ತೆಗೆದರು. ಬಗ್ಗಿ ಮೀನಖಂಡಕ್ಕೆ ಸುತ್ತಿದರು. ಪಂಚಮಿಯಲ್ಲಿ ಹಾಕಿದ ಗಂಟು ಸುತ್ತು ಮುಗಿಯುವ ಮೊದಲೇ ನಿಂತುಬಿಟ್ಟಿತು. ಅವರು ಅದನ್ನು ಎಲ್ಲರಿಗೂ ತೋರಿಸಿದರು. "ನೋಡ್ರಪ್ಪ. ಕಾಲು ಬೆಳದೈತೆ. ಬಲ ಮಾತ್ರ ಹೊಸದುರ್ಗದಾಗೆ ಕಳದೋತಂತೆ."

ಯಾರೋ ಕಿಸಕ್ಕನೆ ನಕ್ಕರು. ತಮ್ಮ ನಗಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಅಣ್ಣ, ದಿನಾ ನನ್ನ ಕಾಲು ತಿಕ್ಕೋನು ನೀನು. ನಿನ್ನ ಕೈಗೆ ಗೊತ್ತೈತೆ. ನೀನೇ ಹೇಳು."

ಗರಡಿಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ಏನು ಹೇಳಿದರೂ ಅದೇ ನಿಲ್ಲುತ್ತದೆ ಎಂದು ನನಗೆ ತಿಳಿದಿತ್ತು. ಕುರಿ ಹಿಡಿದು ಹೇಳುವ ಮನೆಯವನು ನಾನು, ನನ್ನ ಕೈಯ ಮಾತನ್ನು ಉಸ್ತಾದರೂ ತೆಗೆದುಹಾಕುತ್ತಿರಲಿಲ್ಲ. ತೊಡೆಯ ಸಡಿಲ ನನ್ನ ಬೆರಳ ತುದಿಯಲ್ಲೇ ಇತ್ತು. ಅದರ ಮೇಲೆ ಸಿಟ್ಟು ಕೂತಿತ್ತು.

"ಮೀನಖಂಡ ಕಲ್ಲಿದ್ದಂಗೈತೆ" ಎಂದೆ.

ಅದು ಸುಳ್ಳಲ್ಲ. ಆ ಕ್ಷಣದಲ್ಲಿ ನನಗೆ ಧೈರ್ಯ ಕೊಟ್ಟದ್ದು ಅದೇ. ಸುಳ್ಳು ಹೇಳಲಿಲ್ಲ ಎಂಬ ಧೈರ್ಯದ ಮೇಲೆ ಆಮೇಲೆ ಎಷ್ಟೋ ವರ್ಷ ಬದುಕಿದೆ.

ಉಸ್ತಾದರು ದಾರವನ್ನು ಹರಿದು ತಮ್ಮನ ಕೈಗೆ ಹಾಕಿದರು. ನಮ್ಮ ಗರಡಿಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಅವನು ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತ. ಆ ಹೊಸ್ತಿಲು ಎತ್ತರದ್ದು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಕಾಲೆತ್ತಿ ದಾಟಿಕೊಂಡು ಹೋದ.

ಹೆಣ್ಣಿನ ಕಡೆಯವರು ವಾರದೊಳಗೆ ಬೇಡವೆಂದು ಹೇಳಿ ಕಳಿಸಿದರು. ತನ್ನ ಗರಡಿಯನ್ನೇ ಬಿಟ್ಟುಕೊಟ್ಟವನು ನಾಳೆ ನಮ್ಮ ಮಗಳನ್ನು ಬಿಡುವುದಿಲ್ಲವೇ ಎಂದರಂತೆ. ಯಾರಿಗಾಗಿ ಅವನು ಸೋತ ಎಂದು ನಾವು ನಂಬಿದ್ದೆವೋ ಅವರೇ ಅವನನ್ನು ನಂಬಲಿಲ್ಲ. ಆಗಲಾದರೂ ನನಗೆ ಅನುಮಾನ ಹುಟ್ಟಬೇಕಿತ್ತು. ತಕ್ಕ ಶಾಸ್ತಿಯಾಯಿತು ಎಂದು ಖುಷಿಪಟ್ಟೆ.

*

ತಮ್ಮ ಊರಿನಲ್ಲಿ ಉಳಿಯಲಿಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಹತ್ತಿರ ಅಕ್ಕನನ್ನು ಕೊಟ್ಟಿದ್ದೆವು. ಅವಳ ಮನೆ ಸೇರಿಕೊಂಡು ಶೇಂಗಾ ಹೊಲದ ಕೆಲಸ ನೋಡಿಕೊಂಡ. ನಾನು ಅತ್ತ ಹೋಗಲಿಲ್ಲ. ಹಬ್ಬಕ್ಕೆ ಅವನು ಬರುತ್ತಾನೆಂದು ತಿಳಿದರೆ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ.

ಮೂರ್ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ಅಕ್ಕ ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ನಿಂತೇ ಮಾತಾಡಿದಳು. ತಮ್ಮನನ್ನು ಚಿತ್ರದುರ್ಗದ ಡಾಕ್ಟರೊಬ್ಬರಿಗೆ ತೋರಿಸಿದ್ದಳು. ಅವರು ಅವನನ್ನು ನೆಲದ ಮೇಲೆ ಕೂರಿಸಿ ಎದ್ದೇಳಲು ಹೇಳಿದರಂತೆ. ಅವನು ತೊಡೆ ಹಿಡಿದು ಎದ್ದದ್ದನ್ನು ಕಂಡ ಕೂಡಲೇ ಅವರಿಗೆ ಗೊತ್ತಾಯಿತಂತೆ.

"ಮಾಂಸ ಸವೆಯೋ ಕಾಯಿಲೆಯಂತೆ ಕಣೋ. ಮಾಂಸ ಇದ್ದ ಜಾಗದಾಗೆ ಕೊಬ್ಬು ತುಂಬ್ಕತೈತಂತೆ. ಅದಕ್ಕೇ ಕಾಲು ದಪ್ಪ ಅಂತೆ. ಔಷಧಿ ಇಲ್ಲ ಅಂದ್ರು."

"ಒಳಗೆ ಕೊಬ್ಬು ಐತೋ ಮಾಂಸ ಐತೋ ಯಾರು ನೋಡ್ಯಾರಕ್ಕ?" ಎಂದೆ. "ಆ ಡಾಕ್ಟ್ರು ನೋಡಿದ್ರಾ?"

"ಒಂದು ಚೂರು ಕೊಯ್ದು ಬೆಂಗಳೂರಿಗೆ ಕಳಿಸಿದ್ರೆ ಖಾತ್ರಿ ಆಗ್ತೈತಂತೆ. ಇವನು ಕೊಯ್ರಿ ಅಂತ ಕಾಲು ಚಾಚ್ಬಿಟ್ಟ. ಅದನ್ನ ಬಾಟ್ಲೀಲಿ ಹಾಕ್ಕೊಡ್ರಿ, ನಮ್ಮಣ್ಣಂಗೆ ತೋರಿಸ್ಬೇಕು ಅಂದ. ನಾನು ಬ್ಯಾಡ ಅಂತ ಕರ್ಕಂಡು ಬಂದೆ." ಅವಳು ನನ್ನ ಮೊಣಕೈ ಹಿಡಿದಳು. "ನೀನೊಂದು ಸಲ ಬಾರೋ. ನಂಬ್ತೀನಿ ಅಂತ ಒಂದು ಮಾತು ಹೇಳು. ಅವನಿಗೆ ಔಷಧಿ ಬ್ಯಾಡ, ಅದೊಂದು ಬೇಕು. ಗರಡಿಯೋರ ಮುಂದೆ ನೀನು ಹೇಳಿದ್ರೆ ಸಾಕು."

"ತೋರಿಸ್ಲಿ, ನಂಬ್ತೀನಿ" ಎಂದೆ. ಅಷ್ಟರಲ್ಲಿ ಗೂಡ್ಸ್ ಗಾಡಿಗೆ ಲೈನ್ ಕ್ಲಿಯರ್ ಕೊಡಬೇಕಾಗಿತ್ತು, ಹೊರಟೆ. ಕೆಲಸ ಮುಗಿಸಿ ಬಂದಾಗ ಅವಳು ಹೋಗಿದ್ದಳು.

ಆ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ನಾನು ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೆ ಧರ್ಮಪುರದ ಬಸ್ಸು ನಿಂತಿತ್ತು. ತಮ್ಮ ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಇನ್ನೊಂದು ಕಾಲನ್ನು ಎತ್ತಲಾಗದೆ ನಿಂತಿದ್ದ. ಹಿಂದೆ ಜನ ನೂಕುತ್ತಿದ್ದರು.

"ಏನ್ ಪೈಲ್ವಾನ್ರೆ" ಎಂದ ಕಂಡಕ್ಟರು, "ಕಾಲು ನೋಡಿದ್ರೆ ಕಂಬ ಇದ್ದಂಗವೆ, ಹತ್ತೋಕೆ ಮುಹೂರ್ತ ನೋಡ್ತೀರಾ?"

ತಮ್ಮ ಏನೋ ಹೇಳಿ ನಕ್ಕ. ಆಮೇಲೆ ಕೆಳಗಿಳಿದು ಜನರಿಗೆ ದಾರಿ ಬಿಟ್ಟ. ಎಲ್ಲರೂ ಹತ್ತಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಪಂಚೆಯ ಸಮೇತ ಕಾಲನ್ನು ಕೈಯಿಂದ ಹಿಡಿದೆತ್ತಿ ಮೆಟ್ಟಿಲ ಮೇಲಿಟ್ಟ. ನಾಟಕ ಮಾಡುವವನು ಯಾರೂ ನೋಡದಾಗ ಮಾಡುವುದಿಲ್ಲ. ಅಷ್ಟೂ ವರ್ಷ ಹಿಡಿದುಕೊಂಡಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ಅವನು ನನಗೆ ಮೋಸ ಮಾಡಿರಲಿಲ್ಲ. ಅವನ ಕಾಲು ಅವನಿಗೆ ಮಾಡಿತ್ತು. ಆಮೇಲೆ ನಾನು ಮಾಡಿದ್ದೆ.

ಎದ್ದು ಹೋಗಿ ಅವನ ಕಂಕುಳಿಗೆ ಕೈ ಕೊಡಬಹುದಿತ್ತು. ಹೋಗಲಿಲ್ಲ. ಮುಖ ಈಚೆಗೆ ತಿರುಗಿಸಿಕೊಂಡೆ. ಮೊದಲು ನಂಬಿಕೆಯಿಲ್ಲದೆ ಸುಮ್ಮನಿದ್ದೆ, ಈಗ ನಂಬಿಕೆ ಬಂದು ಸುಮ್ಮನಾದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ಆಮೇಲೆ ಅಕ್ಕನ ಮನೆಗೆ ಹೋಗಿ ಬರತೊಡಗಿದೆ. ಹಣ್ಣು ಒಯ್ಯುತ್ತಿದ್ದೆ, ಮಳೆ ಬೆಳೆಯ ಮಾತಾಡುತ್ತಿದ್ದೆ. ಒಮ್ಮೆ ಹೀಗೇ ಜಗುಲಿಯಲ್ಲಿ ಕೂತಿದ್ದಾಗ ಅವನು ಶೇಂಗಾ ಸುಲಿಯುತ್ತ, ತಲೆ ಎತ್ತದೆ ಹೇಳಿದ: "ಅವತ್ತು ಗರಡೀಲಿ ಮೀನಖಂಡ ಅಂದೆ ಕಣಣ್ಣ. ತೊಡೆ ಅನ್ನಲಿಲ್ಲ."

"ಏನೋಪ್ಪ, ಅದೆಲ್ಲ ಮರ್ತೋಗೈತೆ" ಎಂದೆ.

ಅವನು ಸುಲಿದ ಬೀಜಗಳನ್ನು ನನ್ನ ಕಡೆ ಸರಿಸಿದ. ಇನ್ನೊಮ್ಮೆ ಆ ಮಾತು ತೆಗೆಯಲಿಲ್ಲ. ನಲವತ್ತು ತುಂಬುವ ಮುಂಚೆ ಹೋದ. ಕೊನೆಗೆ ಎದೆಗೂ ಅದೇ ಕಾಯಿಲೆ ಹತ್ತಿತ್ತು ಎಂದರು, ಗುಂಡಿಗೆಯೂ ಮಾಂಸವೇ ಅಲ್ಲವೇ.

*

ಬೆಂಗಳೂರಿನಿಂದ ಬಂದ ಮೇಲೆ ಹುಡುಗನ ಫಿಲ್ಮನ್ನು ನಾನು ಇಟ್ಟುಕೊಂಡೆ. ತೋರಿಸಲಿ, ನಂಬುತ್ತೇನೆ ಎಂದಿದ್ದೆನಲ್ಲ. ಹತ್ತಿರ ಹತ್ತಿರ ಐವತ್ತು ವರ್ಷದ ಮೇಲೆ ಡಾಕ್ಟರು ತೋರಿಸಿದ್ದರು. ಉಸ್ತಾದರು ತೀರಿಕೊಂಡು ಎಷ್ಟೋ ಕಾಲವಾಯಿತು. ಗರಡಿಯ ಜಾಗದಲ್ಲಿ ಸಿಮೆಂಟಿನ ಗೋಡೌನಿದೆ. ಅವತ್ತು ಮಣ್ಣಿನ ಸುತ್ತ ಕೂತವರಲ್ಲಿ ಉಳಿದವನು ನಾನೊಬ್ಬನೇ. ಹೊಸದುರ್ಗದಲ್ಲಿ ಮಾತ್ರ ಆ ಎದುರಾಳಿ ಇನ್ನೂ ಇದ್ದಾನೆಂದು ತಿಳಿಯಿತು. ಹೋದ ತಿಂಗಳು ಹುಡುಕಿಕೊಂಡು ಹೋದೆ.

ತೋಟದ ಮನೆಯ ಮುಂದೆ ಮಂಚದ ಮೇಲೆ ಕೂತಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು.

"ಯಾರಪ್ಪ?"

"ಚಿಕ್ಕಜಾಜೂರಿನ ಕಡೆಯೋನು. ನಿಮ್ಮ ಮುಂದೆ ಸೋತ ಹುಡುಗನ ಅಣ್ಣ."

ಅವರು ಮಂಚದಲ್ಲಿ ಜಾಗ ಮಾಡಿದರು. "ಬರ್ರಿ, ಕುಂತ್ಕಳ್ರಿ. ಬಾಳ ತಡ ಮಾಡಿದ್ರಿ."

ಫಿಲ್ಮನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಕಪ್ಪು ಯಾವುದು, ಬಿಳಿ ಯಾವುದು ಹೇಳಿದೆ. ಇದು ನಮ್ಮಕ್ಕನ ಮೊಮ್ಮಗನದು, ತಮ್ಮನದೂ ಹೀಗೇ ಇತ್ತು, ಅವನು ಬೇಕೆಂದು ಸೋಲಲಿಲ್ಲ ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು.

ಅವರು ಫಿಲ್ಮನ್ನು ಸರಿಯಾಗಿ ನೋಡಲೂ ಇಲ್ಲ. "ನಂಗ್ಯಾಕೆ ತೋರಿಸ್ತೀರಿ ಇದನ್ನ? ನಾನು ಆ ಕಾಲು ಹಿಡದೋನು. ತೊಡೆಗೆ ಕೈ ಹಾಕಿದೆ, ಹತ್ತಿ ಮೂಟೆ ಹಿಡದಂಗಾತು. ಏನೋ ರೋಗ ಐತೆ ಈ ಹುಡುಗಂಗೆ ಅಂತ ಅವಾಗ್ಲೇ ತಿಳೀತು. ಜೋರಾಗಿ ಎತ್ತಿ ಒಗೆಯೋಕೆ ಮನಸು ಬರಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಯಾಕೆ ಹೇಳಲಿಲ್ಲ? ಊರೆಲ್ಲ ಅವನು ನಿಮಗೆ ಬಿಟ್ಟುಕೊಟ್ಟ ಅಂತು. ನಿಮ್ಮೋರೇ ಹೆಣ್ಣು ಕೊಡಲ್ಲ ಅಂದ್ರು."

"ಗೆದ್ದೋನು ನಾನು. ರೋಗದ ಮನುಷ್ಯನ್ನ ಕೆಡವಿ ಗೆದ್ದೆ ಅಂತ ನಾನೇ ಸಾರ್ಬೇಕಿತ್ತಾ? ವಯಸ್ಸು ಅಂಗಿತ್ತು." ಅವರು ಮೊಣಕಾಲು ನೀವಿಕೊಂಡರು. "ಮತ್ತೆ ಇನ್ನೊಂದು. ಪೈಲ್ವಾನ ಅಂದ್ಮೇಲೆ ಕಾಲು ತಿಕ್ಕೋನು ಒಬ್ಬ ಇರ್ತಾನಲ್ಲ. ಅವನಿಗೆ ಗೊತ್ತಿದ್ದೇ ಇರ್ತೈತೆ, ಅವನು ಹೇಳ್ತಾನೆ ಅಂದ್ಕಂಡೆ."

"ತಿಕ್ಕುತ್ತಿದ್ದೋನು ನಾನೇ" ಎಂದೆ.

ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ಒಳಗಿನವರಿಗೆ, "ಒಂದು ಎಳನೀರು ಕೊಚ್ಚಿ ಕೊಡ್ರೋ ಇವರಿಗೆ" ಎಂದು ಕೂಗಿ ಹೇಳಿದರು. ಕುಡಿದು ಹೊರಟೆ. ಬಸ್ಸಿನಲ್ಲಿ ಬಹಳ ದೂರ ಅವರನ್ನು ಬೈದುಕೊಂಡೆ, ಒಂದು ಮಾತಿನಿಂದ ಉಳಿಸಬಹುದಾಗಿದ್ದವನನ್ನು ಮುಳುಗಿಸಿದರು ಎಂದು. ಹೊಳಲ್ಕೆರೆ ಬರುವಷ್ಟರಲ್ಲಿ ಬೈಯಲು ಏನೂ ಉಳಿಯಲಿಲ್ಲ. ಅವರು ಎದುರಾಳಿ. ನಾನು ಅಣ್ಣ.

ಅಲ್ಲಿಂದ ಮರುದಿನವೇ ಧರ್ಮಪುರಕ್ಕೆ ಹೋದೆ. ಕಾಲಿನ ಮಾಂಸ ಬಿಗಿದುಕೊಳ್ಳದಂತೆ ಮೆಲ್ಲಗೆ ನೀವಿ, ಮಡಚಿ ಚಾಚಿಸಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಹುಡುಗನನ್ನು ಜಗುಲಿಯ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಅಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಬೆರಳುಗಳು ಮುದಿಯಾದರೂ ಅವಕ್ಕೆ ಏನೂ ಮರೆತಿರಲಿಲ್ಲ. ಕೆಳಗೆ ಅದೇ ಗಟ್ಟಿ. ಮೇಲೆ ಅದೇ ಸಡಿಲ.

"ಹೆಂಗೈತೆ ತಾತ?" ಎಂದು ಹುಡುಗ ಕೇಳಿದ.

"ಮೀನಖಂಡ ಗಟ್ಟಿ ಐತೆ."

"ಮತ್ತೆ ತೊಡೆ?"

ಅಕ್ಕನ ಮೊರದ ಸದ್ದು ನಿಂತಿತು.

"ತೊಡೆ ಸಡಿಲ ಐತಪ್ಪ. ಬಾಳ ಸಡಿಲ ಐತೆ. ನಿಮ್ಮ ಚಿಕ್ಕತಾತಂದೂ ಇಂಗೇ ಇತ್ತು. ನಂಗೆ ಅವಾಗ್ಲೇ ಗೊತ್ತಿತ್ತು."

"ಡಾಕ್ಟ್ರಮ್ಮನೂ ಅದನ್ನೇ ಅಂದ್ರು" ಎಂದ ಹುಡುಗ. "ಅಂಗಾದ್ರೆ ನಂಗೆ ಮಿಷನ್ನೇ ಬೇಕಿರಲಿಲ್ಲ ಬಿಡು."

ಅಕ್ಕ ಮೊರ ಎತ್ತಿಕೊಂಡು ಎದ್ದಳು. ಒಳಗೆ ಹೋಗುವ ಮುಂಚೆ ನನ್ನ ಕಡೆ ನೋಡದೆ ಹೇಳಿದಳು: "ಇವತ್ತು ಬಾಯಿ ಬಂತು."

ನಾನು ಹುಡುಗನ ಇನ್ನೊಂದು ಕಾಲಿಗೆ ಎಣ್ಣೆ ಹಚ್ಚಿದೆ.